ಕುದುರೆ ಕಟ್ಟಿ, ಬಿಡಾರ ಹೂಡಿ

ಅಕ್ಟೋಬರ್ ತಿಂಗಳ ಶುಕ್ರವಾರದ ಇಳಿಹೊತ್ತು. ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಕ್ಯಾಟಲೂಚಿ ಕಣಿವೆಗೆ ಇಳಿಯುವ ಇಕ್ಕಟ್ಟಾದ ಜಲ್ಲಿ ರಸ್ತೆಯಲ್ಲಿ ಪಿಕಪ್ ಟ್ರಕ್ಕೊಂದು ಮೊದಲ ಗೇರಿನಲ್ಲೇ ತೆವಳುತ್ತಿದೆ. ಅದರ ಹಿಂದೆ ಟ್ರೇಲರ್. ಟ್ರೇಲರಿನ ಕಿಟಕಿ ಸರಳುಗಳ ಸಂದಿಯಲ್ಲಿ ಎರಡು ಮೂತಿಗಳು.

ಬಯಲು ತಲುಪಿ ಎಂಜಿನ್ ಆರಿಸಿದ ಮೇಲೂ ಬಂದವರು ಮೈಮುರಿದು ಕೂರುವ ಹಾಗಿಲ್ಲ. ಹಿಂಬಾಗಿಲು ತೆರೆದು ಒಂದೊಂದೇ ಕುದುರೆಯನ್ನು ಹಿಂದಕ್ಕೆ ನಡೆಸಿ ಇಳಿಸಬೇಕು. ಇಳಿದ ಕುದುರೆ ಕತ್ತೆತ್ತಿ, ಕಿವಿ ನಿಮಿರಿಸಿ, ಹೊಳ್ಳೆ ಅರಳಿಸಿ ಹೊಸ ಜಾಗದ ವಾಸನೆ ಎಳೆದುಕೊಳ್ಳುತ್ತದೆ. ಗುಡ್ಡದಾಚೆಯಿಂದ ಗಂಡು ಎಲ್ಕ್ ಜಿಂಕೆಯೊಂದು ಕೂಗಿತೋ, ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಅದನ್ನು ಸಮಾಧಾನಪಡಿಸಿ, ಸ್ವಲ್ಪ ನಡೆದಾಡಿಸಿ, ತೊರೆಯಿಂದ ಬಕೆಟ್ಟಿನಲ್ಲಿ ನೀರು ತಂದಿಟ್ಟು, ಮೇವು ಹಾಕಿ, ಕಟ್ಟಿ ಮುಗಿಸುವ ಹೊತ್ತಿಗೆ ಕತ್ತಲಾಗಿರುತ್ತದೆ. ಡೇರೆಯನ್ನು ಟಾರ್ಚ್ ಬೆಳಕಲ್ಲಿ ಹಾಕಬೇಕು. ಮನುಷ್ಯರ ಊಟ ಆಮೇಲೆ.

ಅಟ್ಲಾಂಟಾ, ಶಾರ್ಲೆಟ್, ರಾಲಿ ಕಡೆ ನೆಲೆಸಿರುವ ಕನ್ನಡಿಗರಿಗೆ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನ ಹೊಸದೇನಲ್ಲ. ಊರಿಂದ ಅಪ್ಪ ಅಮ್ಮ ಬಂದಾಗ ಕರೆದೊಯ್ಯುವ ಜಾಗಗಳಲ್ಲಿ ಅದೂ ಒಂದು. ವರ್ಷಕ್ಕೆ 1.2 ಕೋಟಿಗೂ ಹೆಚ್ಚು ಭೇಟಿಗಳನ್ನು ಕಾಣುವ ಇದು ಅಮೆರಿಕದ ಅತಿ ಜನನಿಬಿಡ ರಾಷ್ಟ್ರೀಯ ಉದ್ಯಾನ. ಅಲ್ಲಿನ ಕಾಲುದಾರಿಯಲ್ಲಿ ಎದುರಾಗುವ ಸವಾರರನ್ನು ಕಂಡು ಫೋಟೊ ತೆಗೆದವರೂ ಇದ್ದಾರೆ, ದಾರಿಯಲ್ಲಿ ಬಿದ್ದ ಲದ್ದಿ ಕಂಡು ಮೂಗು ಮುಚ್ಚಿದವರೂ ಇದ್ದಾರೆ. ಆ ಸವಾರರು ರಾತ್ರಿ ಎಲ್ಲಿ ತಂಗುತ್ತಾರೆ, ಅರ್ಧ ಟನ್ ತೂಕದ ಪ್ರಾಣಿಯನ್ನು ಕಾಡಿನಲ್ಲಿ ಹೇಗೆ ನಿಭಾಯಿಸುತ್ತಾರೆ ಎನ್ನುವುದು ಮಾತ್ರ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ.

ಊರು ಖಾಲಿಯಾದ ಕಣಿವೆ

ಸ್ಮೋಕಿಯಲ್ಲಿ ವಾಹನ ಹೋಗಬಲ್ಲ ಕುದುರೆ ಬಿಡಾರಗಳು ಐದಿವೆ: ಆಂಥನಿ ಕ್ರೀಕ್, ಬಿಗ್ ಕ್ರೀಕ್, ಕ್ಯಾಟಲೂಚಿ, ರೌಂಡ್ ಬಾಟಮ್, ಟೌಸ್ಟ್ರಿಂಗ್. ಎಲ್ಲವೂ 'ಪ್ರಿಮಿಟಿವ್' ದರ್ಜೆಯವು. ಕರೆಂಟಿಲ್ಲ, ಸ್ನಾನದ ಮನೆಯಿಲ್ಲ. ಟ್ರೇಲರ್ ನಿಲ್ಲಿಸಲು ಒಂದಿಷ್ಟು ಸಮತಟ್ಟು ನೆಲ, ಬೆಂಕಿ ಹಾಕಲು ಜಾಗ, ಊಟದ ಮೇಜು, ಶೌಚಾಲಯ. ಇಷ್ಟಕ್ಕೇ ಮುಂಗಡವಾಗಿ ಆನ್‌ಲೈನ್‌ನಲ್ಲಿ ಕಾಯ್ದಿರಿಸಬೇಕು. ಚಳಿಗಾಲದಲ್ಲಿ ಬಾಗಿಲು ಬಂದ್.

ಕ್ಯಾಟಲೂಚಿ ಹಿಂದೆ ತುಂಬಿದ ಊರಾಗಿತ್ತು. 1910ರ ಸುಮಾರಿಗೆ ಈ ಕಣಿವೆಯಲ್ಲಿ 1,200ರಷ್ಟು ಜನ ಮೆಕ್ಕೆಜೋಳ, ಸೇಬು ಬೆಳೆದುಕೊಂಡು ಬದುಕಿದ್ದರು. 1934ರಲ್ಲಿ ಉದ್ಯಾನ ರೂಪುಗೊಳ್ಳುವಾಗ ಸರ್ಕಾರ ಜಮೀನು ಕೊಂಡಿತು, ಜನ ಗುಳೆ ಎದ್ದರು. ಪುಟ್ಟ ಚರ್ಚು, ಶಾಲೆ, ಕೆಲವು ಮರದ ಮನೆ ಮತ್ತು ಕಣಜಗಳು ಇನ್ನೂ ನಿಂತಿವೆ. ಬೇಟೆಯಿಂದಾಗಿ ಈ ಬೆಟ್ಟಗಳಲ್ಲಿ ಅಳಿದುಹೋಗಿದ್ದ ಎಲ್ಕ್ ಜಿಂಕೆಗಳನ್ನು 2001ರಲ್ಲಿ ಮರಳಿ ತಂದು ಬಿಟ್ಟದ್ದೂ ಇಲ್ಲೇ. ಮೊದಲ ವರ್ಷ 25, ಮರುವರ್ಷ 27.

2024ರ ಸೆಪ್ಟೆಂಬರಿನಲ್ಲಿ ಬಂದ ಹೆಲೀನ್ ಚಂಡಮಾರುತ ಈ ಭಾಗದ ರಸ್ತೆ ಮತ್ತು ಕಾಲುದಾರಿಗಳನ್ನು ಕೊಚ್ಚಿಹಾಕಿ ಕಣಿವೆಯನ್ನು ತಿಂಗಳುಗಟ್ಟಲೆ ಮುಚ್ಚಿಸಿತು. ಹೀಗಾಗಿ ಈಗ ಹೋಗುವವರು ಹೊರಡುವ ಮುನ್ನ ಉದ್ಯಾನದ ಪ್ರಕಟಣೆ ನೋಡಿಕೊಳ್ಳುವುದು ಒಳ್ಳೆಯದು.

ರಾಷ್ಟ್ರೀಯ ಉದ್ಯಾನದೊಳಗೆ ಕುದುರೆಗೆ ಯಾಕೆ ಜಾಗ? ನಮ್ಮ ಬಂಡೀಪುರ, ನಾಗರಹೊಳೆಗಳಲ್ಲಿ ಡೇರೆ ಹಾಕುವುದಿರಲಿ, ಸಫಾರಿ ವಾಹನದಿಂದ ಕಾಲು ಕೆಳಗಿಡುವಂತಿಲ್ಲ. ಅಮೆರಿಕದ ಕಥೆ ಬೇರೆ. ಅಲ್ಲಿನ ಉದ್ಯಾನಗಳನ್ನು ಕಾಯಲು ಶುರು ಮಾಡಿದವರೇ ಕುದುರೆ ಸವಾರರು. ಯೆಲ್ಲೊಸ್ಟೋನನ್ನು 1886ರಿಂದ 1918ರವರೆಗೆ ಸೈನ್ಯದ ಅಶ್ವದಳ ನೋಡಿಕೊಂಡಿತು. ಕಾವಲುಗಾರರ ಗಸ್ತು, ಕಾಡ್ಗಿಚ್ಚು ಆರಿಸುವವರಿಗೆ ಊಟ ಉಪಕರಣ ಸಾಗಿಸುವುದು, ಎಲ್ಲವೂ ಕುದುರೆ ಮತ್ತು ಹೇಸರಗತ್ತೆಗಳ ಮೇಲೆಯೇ ನಡೆಯಿತು. ಸ್ಮೋಕಿಯಲ್ಲಿ ಈಗಲೂ ಸುಮಾರು 550 ಮೈಲಿ, ಅಂದರೆ 885 ಕಿಲೋಮೀಟರ್ ಕಾಲುದಾರಿ ಕುದುರೆಗಳಿಗೆ ತೆರೆದಿದೆ.

ಮನೆಯಲ್ಲೇ ಶುರುವಾಗುವ ಲೆಕ್ಕ

ಬೆನ್ನಚೀಲ ಹೊತ್ತು ಚಾರಣ ಹೋಗುವವನಿಗೆ ಹಗುರವೇ ಮಂತ್ರ. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಮುರಿದು ತೂಕ ಇಳಿಸುವ ಮಹಾನುಭಾವರೂ ಇದ್ದಾರೆ. ಕುದುರೆ ಕರೆದೊಯ್ಯುವವನಿಗೆ ಆ ಭಾಗ್ಯವಿಲ್ಲ. ಸುಮಾರು 450 ಕೆ.ಜಿ. ತೂಗುವ ಕುದುರೆ ದಿನಕ್ಕೆ 8–10 ಕೆ.ಜಿ. ಒಣಹುಲ್ಲು ತಿನ್ನುತ್ತದೆ, 20ರಿಂದ 40 ಲೀಟರ್ ನೀರು ಕುಡಿಯುತ್ತದೆ. ಸೆಕೆಯಲ್ಲಿ ಬೆಟ್ಟ ಹತ್ತಿದ ದಿನ ಇನ್ನೂ ಹೆಚ್ಚು. ಎರಡು ಕುದುರೆಗೆ ಮೂರು ದಿನ ಎಂದರೆ ಹುಲ್ಲೇ ಅರ್ಧ ಕ್ವಿಂಟಲ್ ದಾಟಿತು.

ಕಾಡಿನಲ್ಲಿ ಹುಲ್ಲಿಗೇನು ಬರ ಎನ್ನಬೇಡಿ. ಅಲ್ಲಿ ಮೇಯಿಸಲು ಬಿಡುವ ಜಾಗ ಕಡಿಮೆ. ಬಿಟ್ಟರೂ ಕುದುರೆಯ ಹೊಟ್ಟೆ ದಿಢೀರ್ ಬದಲಾವಣೆ ಸಹಿಸುವುದಿಲ್ಲ. ದೇಹಕ್ಕೆ ಹೋಲಿಸಿದರೆ ಅದರ ಜಠರ ಬಲು ಸಣ್ಣದು. ನಾರು ಜೀರ್ಣವಾಗುವುದು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳಿಂದ. ಒಂದೇ ಸಲ ಹೊಸ ಹಸಿರು ಮೇವು ಹೊಟ್ಟೆಗೆ ಬಿದ್ದರೆ ಆ ಜೀವಿಗಳ ಲೆಕ್ಕ ತಪ್ಪಿ ಹೊಟ್ಟೆಶೂಲೆ ಬರುತ್ತದೆ. ಕುದುರೆಗೆ ವಾಂತಿ ಮಾಡಲೂ ಬರುವುದಿಲ್ಲ. ಆಸ್ಪತ್ರೆ ಬಲು ದೂರ, ಫೋನಿಗೆ ಸಿಗ್ನಲ್ ಇಲ್ಲ ಎಂಬಲ್ಲಿ ಈ ಶೂಲೆ ಪ್ರಾಣವನ್ನೇ ತೆಗೆಯಬಲ್ಲದು. ಆದ್ದರಿಂದ ಮನೆಯಲ್ಲಿ ತಿನ್ನುವ ಹುಲ್ಲನ್ನೇ ಕಟ್ಟುಕಟ್ಟಾಗಿ ತರುತ್ತಾರೆ. ಜೊತೆಗೆ ನಮ್ಮ ರೈತರು ಕುದುರೆ ಮಸಾಲೆ ಸೊಪ್ಪು ಎನ್ನುವ ಲೂಸರ್ನ್‌ನ ಒಣ ಉಂಡೆಗಳು.

ನೀರಿನದು ಇನ್ನೊಂದು ಕಥೆ. ತೊರೆಯ ನೀರು ಎಷ್ಟೇ ತಿಳಿಯಾಗಿದ್ದರೂ ಕೆಲವು ಕುದುರೆಗಳು ಮೂಸಿ ಮುಖ ತಿರುಗಿಸುತ್ತವೆ. ಹೊರಡುವ ಒಂದು ವಾರ ಮೊದಲಿನಿಂದಲೇ ಮನೆಯ ನೀರಿಗೆ ಒಂಚೂರು ಸೇಬಿನ ರಸ ಬೆರೆಸಿ ರೂಢಿ ಮಾಡಿಸಿ, ಕಾಡಿಗೂ ಅದೇ ರಸದ ಬಾಟಲಿ ಒಯ್ಯುವುದು ಅನುಭವಿಗಳ ಉಪಾಯ. ನೀರಿನ ರುಚಿ ಒಂದೇ ಆಯಿತಲ್ಲ, ಕುದುರೆ ಮೋಸಹೋಗುತ್ತದೆ.

ಇನ್ನು ಕಾಗದಪತ್ರ. ಸವಾರನ ಗುರುತಿನ ಚೀಟಿಗಿಂತ ಮುಖ್ಯವಾದದ್ದು ಕುದುರೆಯ 'ಕಾಗಿನ್ಸ್' ವರದಿ. 1970ರ ಸುಮಾರಿಗೆ ಕಾರ್ನೆಲ್ ವಿಶ್ವವಿದ್ಯಾಲಯದ ಪಶುವೈದ್ಯ ಲಿರಾಯ್ ಕಾಗಿನ್ಸ್ ರೂಪಿಸಿದ ಈ ರಕ್ತಪರೀಕ್ಷೆ, ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆ ಎಂಬ ವೈರಸ್ ರೋಗವನ್ನು ಪತ್ತೆಹಚ್ಚುತ್ತದೆ. ಕುದುರೆ ನೊಣ ಕಚ್ಚಿದರೆ ರೋಗ ಹರಡುತ್ತದೆ. ಲಸಿಕೆಯಿಲ್ಲ, ಮದ್ದಿಲ್ಲ. ಸೋಂಕು ತಗುಲಿದ ಕುದುರೆ ನೋಡಲು ಗಟ್ಟಿಮುಟ್ಟಾಗಿದ್ದರೂ ಸಾಯುವವರೆಗೂ ವೈರಸ್ಸನ್ನು ಹೊತ್ತಿರುತ್ತದೆ. ಅದಕ್ಕೆ ಉಳಿಯುವ ದಾರಿ ಎರಡೇ: ದಯಾಮರಣ, ಇಲ್ಲವೇ ಬೇರೆ ಕುದುರೆಗಳಿಂದ 200 ಗಜ ದೂರದಲ್ಲಿ ಜೀವನಪರ್ಯಂತ ಒಂಟಿವಾಸ. 200 ಗಜ ಯಾಕೆಂದರೆ, ರಕ್ತ ಹೀರುವಾಗ ಅರ್ಧಕ್ಕೆ ಓಡಿಸಿಕೊಂಡ ನೊಣ ಅಷ್ಟು ದೂರದ ಇನ್ನೊಂದು ಪ್ರಾಣಿಯನ್ನು ಹುಡುಕಿಕೊಂಡು ಹೋಗುವುದಿಲ್ಲ, ಹತ್ತಿರ ಸಿಕ್ಕಿದ್ದರ ಮೇಲೆಯೇ ಕೂರುತ್ತದೆ. ಬೇರೆ ಬೇರೆ ಮನೆಗಳ ಕುದುರೆಗಳು ಪಕ್ಕಪಕ್ಕದಲ್ಲೇ ರಾತ್ರಿ ಕಳೆಯುವ ಬಿಡಾರದಲ್ಲಿ ಈ ವರದಿ ಕೇಳುವುದರಲ್ಲಿ ತಪ್ಪೇನಿಲ್ಲ.

ರಾತ್ರಿ ಕಟ್ಟುವ ಕಲೆ

ಕುದುರೆ ಬಿಡಾರದ ಇಡೀ ವಿದ್ಯೆ ಅಡಗಿರುವುದು ಒಂದು ಹಗ್ಗದಲ್ಲಿ. ಹಲವು ಬಿಡಾರಗಳಲ್ಲಿ ಕಟ್ಟಲೆಂದೇ ಎರಡು ಕಂಬ ನೆಟ್ಟು ಅಡ್ಡಮರ ಕೂಡಿಸಿರುತ್ತಾರೆ. ಅದಿಲ್ಲದ ಕಡೆ ಮರಕ್ಕೆ ನೇರವಾಗಿ ಕಟ್ಟಿದರೆ ಮರಕ್ಕೂ ಕೇಡು, ಕುದುರೆಗೂ ಕೇಡು. ಬೇಸರಗೊಂಡ ಕುದುರೆ ಮುಂಗಾಲಿನಿಂದ ನೆಲ ಕೆರೆಯುತ್ತದೆ. ಒಂದೇ ರಾತ್ರಿಯಲ್ಲಿ ಮೊಣಕಾಲುದ್ದದ ಗುಂಡಿ ತೋಡಿ ಬೇರು ಬಯಲು ಮಾಡಿರುತ್ತದೆ. ಹಗ್ಗ ತಿಕ್ಕಿ ತೊಗಟೆ ಸುಲಿಯುತ್ತದೆ. ತೊಗಟೆ ಸುತ್ತಲೂ ಸುಲಿದರೆ ಮರ ಒಣಗಿಹೋಗುತ್ತದೆ.

ಇದಕ್ಕೆ ಸವಾರರು ಕಂಡುಕೊಂಡ ಪರಿಹಾರ 'ಹೈಲೈನ್'. ಗಟ್ಟಿಯಾದ ಎರಡು ಮರಗಳನ್ನು ಆರಿಸುತ್ತಾರೆ. ನಡುವಿನ ನೆಲ ಒಣಗಿರಬೇಕು, ತೊರೆಯಿಂದ ಕಡೇಪಕ್ಷ 200 ಅಡಿ ಈಚೆಗಿರಬೇಕು. ಎರಡೂ ಮರಗಳಿಗೆ ಮೂರು ಬೆರಳಗಲದ ನೈಲಾನ್ ಪಟ್ಟಿ ಸುತ್ತುತ್ತಾರೆ, ತೊಗಟೆಗೆ ಹಗ್ಗ ತಾಗದಿರಲೆಂದು. ಆ ಪಟ್ಟಿಗಳ ನಡುವೆ, ಏಳು ಅಡಿ ಎತ್ತರದಲ್ಲಿ, ಬಟ್ಟೆ ಒಣಹಾಕುವ ತಂತಿಯ ಹಾಗೆ ದಪ್ಪ ಹಗ್ಗವೊಂದನ್ನು ಬಿಗಿದು ಎಳೆಯುತ್ತಾರೆ. ಅದು ಸ್ವಲ್ಪವೂ ಜೋತಾಡಬಾರದು. ಹಗ್ಗದಲ್ಲಿ ಅಲ್ಲಲ್ಲಿ ಕುಣಿಕೆ, ಕುಣಿಕೆಗೆ ತಿರುಗುವ ಕೊಂಡಿ, ಕೊಂಡಿಯಿಂದ ಇಳಿಬಿದ್ದ ದಾರವೇ ಕುದುರೆಯ ಮುಖಪಟ್ಟಿಗೆ. ಒಂದು ಕುದುರೆಯ ಹಿಂಗಾಲು ಇನ್ನೊಂದಕ್ಕೆ ಎಟುಕದಷ್ಟು ಅಂತರ.

ಇಳಿಬಿಟ್ಟ ದಾರದ ಉದ್ದದಲ್ಲೇ ಇರುವುದು ಮರ್ಮ. ಕುದುರೆ ತಲೆ ಬಗ್ಗಿಸಿ ನೆಲದ ಹುಲ್ಲು ತಿನ್ನುವಷ್ಟು ಉದ್ದ ಬೇಕು. ಅದಕ್ಕಿಂತ ಒಂದು ಗೇಣು ಹೆಚ್ಚಾದರೆ ಮುಂಗಾಲು ದಾರದ ಮೇಲಿಂದ ದಾಟುತ್ತದೆ. ಕಾಲು ಸಿಕ್ಕಿಕೊಂಡ ಕುದುರೆ ನಾಯಿಯ ಹಾಗೆ ಕಾಯುತ್ತಾ ನಿಲ್ಲುವುದಿಲ್ಲ. ಓಡಿ ಪಾರಾಗಲೆಂದೇ ಹುಟ್ಟಿದ ಪ್ರಾಣಿ ಅದು, ಮೈಯ ಭಾರವನ್ನೆಲ್ಲ ಹಾಕಿ ಹಿಂದಕ್ಕೆ ಜಗ್ಗುತ್ತದೆ, ಚರ್ಮ ಸುಲಿದು ಮೂಳೆ ಕಾಣುವವರೆಗೂ. ಅದಕ್ಕೇ ಕಟ್ಟುವುದು ಜಾರುಗಂಟು: ಬಾಲ ಎಳೆದರೆ ಸರ್ರನೆ ಬಿಚ್ಚಿಕೊಳ್ಳಬೇಕು. ಕೆಲವು ಜಾಣ ಕುದುರೆಗಳು ಆ ಬಾಲವನ್ನು ಹಲ್ಲಲ್ಲಿ ಕಚ್ಚಿ ಎಳೆಯುವುದನ್ನು ಕಲಿತುಬಿಡುತ್ತವೆ. ಅವುಗಳಿಗಾಗಿ ಬಾಲವನ್ನು ಕುಣಿಕೆಯೊಳಗೆ ತೂರಿಸಿಡಬೇಕಾಗುತ್ತದೆ.

ಕುದುರೆ ನಿಂತೇ ನಿದ್ದೆ ಮಾಡುತ್ತದೆ ಎನ್ನುವುದು ನಿಜ, ಆದರೆ ಅರ್ಧ ನಿಜ. ಮೊಣಕಾಲ ಚಿಪ್ಪನ್ನು ಬೀಗ ಹಾಕಿದಂತೆ ಸಿಕ್ಕಿಸಿಕೊಂಡು ನಿಂತಲ್ಲೇ ತೂಕಡಿಸುವ ಏರ್ಪಾಡು ಅದರ ಹಿಂಗಾಲಲ್ಲಿದೆ. ಗಾಢನಿದ್ದೆಗೆ ಮಾತ್ರ ಮಲಗಲೇಬೇಕು, ದಿನಕ್ಕೆ ಅರ್ಧ ಗಂಟೆಯಾದರೂ. ಹೊಸ ಜಾಗದಲ್ಲಿ ಮೊದಲ ರಾತ್ರಿ ಎಷ್ಟೋ ಕುದುರೆಗಳು ಮಲಗುವುದೇ ಇಲ್ಲ. ಡೇರೆಯೊಳಗಿನವರೂ ಅಷ್ಟೇ. ಹೊರಗೆ ಗೊರಸಿನ ಸದ್ದು ಬಂದರೆ ಬಿಚ್ಚಿಕೊಂಡಿತೇ ಎಂಬ ಭಯ, ಸದ್ದು ನಿಂತರೆ ಏನಾಯಿತೋ ಎಂಬ ಭಯ.

ಕರಡಿಯ ಮಾತು ಬರದೇ ಇರುವುದಿಲ್ಲ. ಸ್ಮೋಕಿಯಲ್ಲಿ ಸುಮಾರು 1,900 ಕಪ್ಪು ಕರಡಿಗಳಿವೆ ಎಂಬ ಅಂದಾಜಿದೆ. ಅವಕ್ಕೆ ಕುದುರೆಯ ಮೇಲೆ ಕಣ್ಣಿಲ್ಲ, ಬೆಲ್ಲದ ಪಾಕ ಬೆರೆಸಿದ ಧಾನ್ಯದ ಮೇವಿನ ಮೇಲಿದೆ. ಹಾಗಾಗಿ ಮನುಷ್ಯರ ಊಟದಂತೆ ಕುದುರೆಯ ಧಾನ್ಯವೂ ರಾತ್ರಿ ವಾಹನದೊಳಗೆ ಸೇರಬೇಕು.

ಅದಕ್ಕಿಂತ ಕಳ್ಳಶತ್ರು ಬಿಡಾರದ ಸುತ್ತಲಿನ ಗಿಡಮರಗಳೇ. ಪ್ರವಾಸಿಗರು ನೋಡಲು ಮುಗಿಬೀಳುವ ರೋಡೊಡೆಂಡ್ರಾನ್ ಎಲೆ ಕುದುರೆಗೆ ವಿಷ. ಕಾಡು ಚೆರ್ರಿಯ ಬಾಡಿದ ಎಲೆಯಲ್ಲಿ ಸಯನೈಡ್ ಹುಟ್ಟುತ್ತದೆ. ಶರತ್ಕಾಲದ ಬಣ್ಣಕ್ಕೆ ಹೆಸರಾದ ಕೆಂಪು ಮೇಪಲ್ ಮರದ ಬಾಡಿದ ಎಲೆಗಳು ಕುದುರೆಯ ರಕ್ತದ ಕೆಂಪುಕಣಗಳನ್ನೇ ಒಡೆದುಹಾಕುತ್ತವೆ. ಚೆರ್ರಿ, ಮೇಪಲ್‌ಗಳಲ್ಲಿ ಎಳೆಯ ಹಸಿರೆಲೆಗಿಂತ ಗಾಳಿಗೆ ಮುರಿದುಬಿದ್ದು ಬಾಡಿದ ಕೊಂಬೆಯೇ ಅಪಾಯ. ಕಟ್ಟುವ ಮುನ್ನ ಮೇಲೆ ಯಾವ ಮರವಿದೆ ಎಂದು ತಲೆಯೆತ್ತಿ ನೋಡದ ಸವಾರ ಅನುಭವಿಯಲ್ಲ.

ರಸ್ತೆ ಮುಗಿದ ಮೇಲೆ

ಟ್ರೇಲರ್ ಬರುವ ಬಿಡಾರ ಸುಲಭದ ಪಾಠ. ಪಶ್ಚಿಮದ ರಾಜ್ಯಗಳ ಕೆಲವು ಕಾಡುಗಳಲ್ಲಿ, ಉದಾಹರಣೆಗೆ ಮೊಂಟಾನಾದ ಬಾಬ್ ಮಾರ್ಷಲ್ ಅರಣ್ಯದಲ್ಲಿ, ರಸ್ತೆಯೇ ಇಲ್ಲ. ವಾರಗಟ್ಟಲೆ ಒಳಗಿರಬೇಕಾದವರು ಸವಾರಿ ಕುದುರೆಗಳ ಹಿಂದೆ ಹೇರು ಹೊತ್ತ ಹೇಸರಗತ್ತೆಗಳ ಸಾಲು ಕಟ್ಟಿಕೊಂಡು ಹೋಗುತ್ತಾರೆ. ಒಂದು ಹೇಸರಗತ್ತೆಗೆ ಸುಮಾರು 70 ಕೆ.ಜಿ. ಹೇರು. ಬೆನ್ನ ಎರಡೂ ಬದಿಗೆ ತೂಗುವ ಪೆಟ್ಟಿಗೆಗಳನ್ನು ಕೊಕ್ಕೆ ತಕ್ಕಡಿಗೆ ನೇತುಹಾಕಿ ತೂಗುತ್ತಾರೆ. ಒಂದು ಬದಿ ಒಂದೆರಡು ಕೆ.ಜಿ. ಹೆಚ್ಚಿದ್ದರೂ ಹತ್ತು ಮೈಲಿ ನಡೆಯುವಷ್ಟರಲ್ಲಿ ಜೀನು ಜರುಗಿ ಬೆನ್ನು ಹುಣ್ಣಾಗುತ್ತದೆ. ತೂಕ ಸರಿಹೊಂದಿಸಲು ಹಗುರದ ಪೆಟ್ಟಿಗೆಗೆ ಒಂದು ಕಲ್ಲು ಹಾಕುವುದೂ ಉಂಟು. ಬೆನ್ನಚೀಲದ ಚಾರಣಿಗನಿಗೆ ಹೇಳಿದರೆ ನಂಬಲಾರ.

ಲದ್ದಿ, ಕೆಸರು, ತಕರಾರು

ಕುದುರೆ ದಿನಕ್ಕೆ ಸುಮಾರು 20 ಕೆ.ಜಿ. ಲದ್ದಿ ಹಾಕುತ್ತದೆ. ಬೆಳಿಗ್ಗೆ ಬಿಡಾರ ಕೀಳುವಾಗ ಅದನ್ನು ಬಾಚಿ ತೊಟ್ಟಿಗೆ ತುಂಬಬೇಕು ಅಥವಾ ಮನೆಗೆ ಒಯ್ಯಬೇಕು. ಕಾಡಿನೊಳಗಾದರೆ ಒದ್ದು ಚೆದುರಿಸಬೇಕು. ತೆಳುವಾಗಿ ಹರಡಿದ್ದು ಬೇಗ ಒಣಗಿ ನೊಣ ಮೊಟ್ಟೆಯಿಡುವುದು ತಪ್ಪುತ್ತದೆ. ಕೆರೆದ ಗುಂಡಿ ಮುಚ್ಚಿ, ಮೇಲೆ ತರಗೆಲೆ ಹರಡಬೇಕು.

ಕಣ್ಣಿಗೆ ಬೀಳದ ತೊಂದರೆ ಲದ್ದಿಯೊಳಗಿನ ಬೀಜ. ಹುಲ್ಲಿನ ಜೊತೆ ಹೊಟ್ಟೆ ಸೇರಿದ ಕಳೆಬೀಜ ಜೀರ್ಣವಾಗದೆ ಹೊರಬಿದ್ದು ಗೊಬ್ಬರದಲ್ಲೇ ಮೊಳೆಯುತ್ತದೆ. ಹೊರದೇಶದಿಂದ ಬಂದ ನಾಪ್‌ವೀಡ್, ಸ್ಪರ್ಜ್‌ನಂಥ ಕಳೆಗಳು ಪಶ್ಚಿಮದ ಹುಲ್ಲುಗಾವಲುಗಳನ್ನು ನುಂಗುತ್ತಿವೆ. ನಮ್ಮಲ್ಲಿ ಪಾರ್ಥೇನಿಯಂ, ಲಂಟಾನ ಮಾಡಿದ್ದು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಅದಕ್ಕಾಗಿ ಯೆಲ್ಲೊಸ್ಟೋನ್ ಸೇರಿದಂತೆ ಅನೇಕ ಕಡೆ ಕಳೆಬೀಜ ಇಲ್ಲವೆಂದು ಪ್ರಮಾಣೀಕರಿಸಿದ ಹುಲ್ಲು ಮಾತ್ರ ಒಳಗೆ ಬರಬೇಕು. ಹೊರಡುವುದಕ್ಕೆ ಎರಡು ಮೂರು ದಿನ ಮೊದಲೇ ಅದನ್ನೇ ತಿನ್ನಿಸಲು ಶುರು ಮಾಡಿ ಎನ್ನುತ್ತಾರೆ, ಹಳೆಯದೆಲ್ಲ ಮನೆಯಲ್ಲೇ ಹೊರಹೋಗಲಿ ಎಂದು. ಸ್ಮೋಕಿಯಲ್ಲಿ ಸೌದೆಗೂ ಇಂಥದೇ ಕಟ್ಟಳೆ: ಹೊರಗಿನಿಂದ ತರುವ ಸೌದೆ ಬಿಸಿಮಾಡಿ ಕೀಟ ಕೊಂದದ್ದೇ ಆಗಿರಬೇಕು.

ಅತಿ ದೊಡ್ಡ ತಕರಾರು ದಾರಿಯದು. ಲಾಳ ಹೊಡೆದ ನಾಲ್ಕು ಸಣ್ಣ ಗೊರಸುಗಳ ಮೇಲೆ ಅರ್ಧ ಟನ್ ಭಾರ ನಿಂತಾಗ ಒದ್ದೆ ಮಣ್ಣು ಕಲಸಿದ ಹಿಟ್ಟಾಗದೆ ಇನ್ನೇನಾದೀತು? ಮೊಂಟಾನಾದಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನವೊಂದು ಪಾದಚಾರಿ, ಸೈಕಲ್, ಮೋಟಾರ್ ಸೈಕಲ್ ಮತ್ತು ಕುದುರೆಗಳನ್ನು ಹೋಲಿಸಿ, ಮಣ್ಣನ್ನು ಅತಿ ಹೆಚ್ಚು ಸಡಿಲಿಸುವುದು ಕುದುರೆಯೇ ಎಂದು ತೋರಿಸಿತು. ಸ್ಮೋಕಿಯ ಲೆಕಾಂಟ್ ಶಿಖರದ ಮೇಲಿರುವ ವಸತಿಗೃಹಕ್ಕೆ ರಸ್ತೆಯಿಲ್ಲ. ಅಲ್ಲಿಗೆ ತೊಳೆದ ಬಟ್ಟೆ, ದಿನಸಿ ಹೊರುವುದು ಲಾಮಾಗಳು. ಅವುಗಳ ಮೆತ್ತನೆಯ ಪಾದ ದಾರಿಯನ್ನು ಕುದುರೆಯಷ್ಟು ಕೆಡಿಸುವುದಿಲ್ಲ ಎನ್ನುವುದೇ ಆ ಆಯ್ಕೆಗೆ ಕಾರಣ.

ನಡೆಯುವವರ ಸಿಟ್ಟಿನಲ್ಲಿ ಹುರುಳಿದೆ ಎಂದೇ ನನಗೂ ಅನಿಸುತ್ತದೆ. ಸವಾರಿ ದುಬಾರಿ ಹವ್ಯಾಸ. ಟ್ರಕ್ಕು, ಟ್ರೇಲರು, ಆರೆಂಟು ವಾರಕ್ಕೊಮ್ಮೆ ಲಾಳದವನು, ಮೇಲೆ ಪಶುವೈದ್ಯರ ಬಿಲ್ಲು. ಬೆರಳೆಣಿಕೆಯ ಜನ ಕೆಡಿಸಿದ ದಾರಿಯಲ್ಲಿ ಕೋಟ್ಯಂತರ ಜನ ಕೆಸರು ತುಳಿಯಬೇಕೇ ಎಂದು ಕೇಳಿದರೆ ತಪ್ಪೇನು? ಆದರೆ ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಪುಟವೂ ಇದೆ.

ಗರಗಸ ಹಿಡಿದ ಸವಾರರು

1964ರ ವೈಲ್ಡರ್‌ನೆಸ್ ಕಾಯ್ದೆಯ ಪ್ರಕಾರ, ವನ್ಯಪ್ರದೇಶವೆಂದು ಘೋಷಿಸಿದ ಕಾಡಿನಲ್ಲಿ ಮೋಟಾರಿನ ಯಾವ ಉಪಕರಣವನ್ನೂ ಬಳಸುವಂತಿಲ್ಲ. ಸೈಕಲ್ಲಿಗೂ ಪ್ರವೇಶವಿಲ್ಲ. ಬಿರುಗಾಳಿಗೆ ನೂರಾರು ಮರ ದಾರಿಗೆ ಅಡ್ಡ ಬಿದ್ದರೆ ಅವನ್ನು ಇಬ್ಬರು ಎಳೆಯುವ ಉದ್ದನೆಯ ಕೈಗರಗಸದಿಂದಲೇ ಕೊಯ್ಯಬೇಕು. ಕೆಲಸಗಾರರ ಹತ್ತು ದಿನದ ಊಟ, ಗರಗಸ, ಗುದ್ದಲಿ, ಸೇತುವೆಯ ತೊಲೆ ಇವೆಲ್ಲ ಒಳಗೆ ಹೋಗುವುದು ಹೆಚ್ಚಾಗಿ ಕುದುರೆ, ಹೇಸರಗತ್ತೆಗಳ ಬೆನ್ನ ಮೇಲೆಯೇ.

ಈ ಕೆಲಸಕ್ಕೆ ಹೆಗಲು ಕೊಡುವವರು ಸವಾರರೇ. 1973ರಲ್ಲಿ ಮೊಂಟಾನಾದ ಫ್ಲಾಟ್‌ಹೆಡ್ ಕಣಿವೆಯಲ್ಲಿ ಕೆಲವರು ಕೂಡಿ ಕಟ್ಟಿದ ಬ್ಯಾಕ್ ಕಂಟ್ರಿ ಹಾರ್ಸ್‌ಮೆನ್ ಸಂಘ ಈಗ ದೇಶದ ತುಂಬ ಶಾಖೆಗಳನ್ನು ಹೊಂದಿದೆ. ಸಂಬಳವಿಲ್ಲದೆ, ತಮ್ಮದೇ ಪ್ರಾಣಿಗಳನ್ನು ತಂದು ದಾರಿ ಬಿಡಿಸುವುದು, ನೀರು ಹರಿದುಹೋಗಲು ಅಡ್ಡಗಟ್ಟೆ ಹಾಕುವುದು ಅವರ ಕೆಲಸ. ಕುದುರೆಗೆ ಕಾಡಿನಲ್ಲಿ ಜಾಗ ಉಳಿಯಬೇಕೆಂಬ ಸ್ವಾರ್ಥವೂ ಇದರಲ್ಲಿದೆ ಎನ್ನಿ, ಅದನ್ನು ಅವರೇ ಮುಚ್ಚಿಡುವುದಿಲ್ಲ. ಆ ದಾರಿಯಲ್ಲಿ ಮರುದಿನ ನಡೆಯುವವರಲ್ಲಿ ಹೆಚ್ಚಿನವರು ಕುದುರೆ ಏರದವರೇ.

ಎದುರಾದರೆ ಏನು ಮಾಡಬೇಕು?

ಮುಂದಿನ ಸಲ ಸ್ಮೋಕಿಯಲ್ಲೋ ಇನ್ನೆಲ್ಲೋ ಸವಾರರ ಸಾಲು ಎದುರಾದರೆ ನೆನಪಿರಲಿ, ದಾರಿ ಬಿಡಬೇಕಾದವರು ನಡೆಯುವವರು. ಇಳಿಜಾರಿನ ಕೆಳಬದಿಗೆ ಸರಿದು ನಿಲ್ಲಿ. ಮೇಲಿನಿಂದ ಮೈಮೇಲೆ ಎರಗುವ ಚಿರತೆಯ ಭಯ ಕುದುರೆಯ ರಕ್ತದಲ್ಲೇ ಇದೆ. ಬೆದರಿದರೂ ಅದು ಏರಿನ ಕಡೆ ನುಗ್ಗಲಿ, ಪ್ರಪಾತದ ಕಡೆ ಬೇಡ ಎನ್ನುವುದು ಇದರ ಲೆಕ್ಕಾಚಾರ. ಉಸಿರು ಬಿಗಿಹಿಡಿದು ಪೊದೆಯ ಮರೆಯಲ್ಲಿ ನಿಲ್ಲುವುದು ಸೌಜನ್ಯವಲ್ಲ, ಅಪಾಯ. ತಲೆಯ ಮೇಲೆದ್ದ ಬೆನ್ನಚೀಲದ ಮೌನ ಆಕೃತಿ ಕುದುರೆಯ ಕಣ್ಣಿಗೆ ಮನುಷ್ಯನಾಗಿ ಕಾಣುವುದಿಲ್ಲ. ಮಾತಾಡಿ, ಕನ್ನಡದಲ್ಲಾದರೂ ಸರಿ. ದನಿ ಕೇಳಿದರೆ ಇದು ಮನುಷ್ಯ ಎಂದು ಅದಕ್ಕೆ ಗೊತ್ತಾಗುತ್ತದೆ.

ಕೊಡೆ ಬಿಚ್ಚಬೇಡಿ, ಮಕ್ಕಳನ್ನು ಕೈಹಿಡಿದುಕೊಳ್ಳಿ, ಸವಾರರನ್ನು ಕೇಳದೆ ಮೂತಿ ಸವರಲು ಹೋಗಬೇಡಿ. ಕೊನೆಯ ಕುದುರೆ ತಿರುವು ದಾಟುವವರೆಗೂ ನಿಂತಿರಿ. ಹಿಂದಿನಿಂದ ಬರುವ ಹೆಜ್ಜೆಸದ್ದಿಗೆ ಮೊದಲು ಬೆದರುವುದು ಸಾಲಿನ ಆ ಕೊನೆಯ ಕುದುರೆಯೇ.